ತಾತನ ಫೋಟೊ ತೆಗೀಬೇಕು

ನನ್ನ ಮೊಮ್ಮಗಳು ಒಂದು ತುಂಬಿದ ಮನೆಯ ಫೋಟೊ ತೆಗೆದು ಬಂದಿದ್ದಾಳೆ. ಯಾರದೋ ಸ್ಟುಡಿಯೊ ಹೆಸರಿನಲ್ಲಲ್ಲ, ಯಾರದೋ ಹಿಂದೆ ಲೈಟು ಹಿಡಿದುಕೊಂಡೂ ಅಲ್ಲ. ತನ್ನದೇ ಹೆಸರು, ತನ್ನದೇ ಕ್ಯಾಮೆರಾ. ಎಂಬತ್ತು ದಾಟಿದ ಯಜಮಾನರಿಂದ ಹಿಡಿದು ಹಾಲು ಕುಡಿಯುವ ಕೂಸಿನವರೆಗೆ ಇಪ್ಪತ್ತೇಳು ಜನ, ಒಂದೇ ಜಗಲಿಯ ಮೇಲೆ. ಈ ಸುದ್ದಿಯನ್ನು ನಾನು ಬಸ್ಸಿನ ಕಂಡಕ್ಟರಿಗೆ ಹೇಳಿದೆ, ಡೈರಿಯಲ್ಲಿ ಹಾಲು ಅಳೆಯುವವನಿಗೆ ಹೇಳಿದೆ, ಸೊಪ್ಪು ಕೊಯ್ಯಲು ಬಂದ ಹೆಂಗಸರಿಗೆ ಎರಡೆರಡು ಸಲ ಹೇಳಿದೆ. ಆದರೂ ಹೊಟ್ಟೆಯೊಳಗೆ ಇನ್ನೂ ಉಳಿದಿದೆ. ಅದಕ್ಕೇ ಬರೆಯಲು ಕುಳಿತೆ. ನಾನು ಓದಿದ್ದು ಮೂರನೇ ಕ್ಲಾಸು. ಒತ್ತು ದೀರ್ಘ ತಪ್ಪಿದ್ದರೆ ಮೊಮ್ಮಗಳು ತಿದ್ದಿಕೊಡುತ್ತಾಳೆ, ಮಾತು ಮಾತ್ರ ನನ್ನದೇ.

ಸಂತೋಷ ಬರೆಯೋಣವೆಂದು ಕೂತರೆ ಮೊದಲು ಕೈಗೆ ಬರುವುದು ಅದರ ಹಿಂದಿನ ನಾಲ್ಕು ದಿನದ ಹೆದರಿಕೆ. ಆ ಹೆದರಿಕೆ ನನ್ನಿಂದಲೇ ಹುಟ್ಟಿತು ಎಂದು ನಾನು ನಂಬಿದ್ದೆ. ಆದ್ದರಿಂದ ನಡೆದ ಹಾಗೆಯೇ ಹೇಳುತ್ತೇನೆ.

ನಮ್ಮದು ಚನ್ನಪಟ್ಟಣ ತಾಲ್ಲೂಕು, ಹೊಂಗನೂರಿನ ಹತ್ತಿರದ ಒಂದು ಊರು. ರೇಷ್ಮೆ ಹುಳು ಸಾಕುವ ಮನೆ. ಮಗ, ಸೊಸೆ, ನಾನು, ಮೊಮ್ಮಗಳು ನಾಲ್ಕು ಜನ. ಮೊಮ್ಮಗಳು ರಾಮನಗರದ ಒಂದು ಸ್ಟುಡಿಯೊದಲ್ಲಿ ನಾಲ್ಕು ವರ್ಷ ಕೆಲಸ ಕಲಿತಳು. ಬಿಟ್ಟು ಬಂದು, ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಇಡುವ ಕೋಣೆ ತಣ್ಣಗಿರುತ್ತದೆಂದು ಅಲ್ಲೇ ಮೂಲೆಯಲ್ಲಿ ಕುಳಿತು, ತನ್ನ ಫೋಟೊ ಕೆಲಸಕ್ಕೆ ಒಂದು ವೆಬ್‌ಸೈಟು ಮಾಡಿದಳು. ಒಂದು ಬೆಳಿಗ್ಗೆ ನನ್ನನ್ನು ಕರೆದು ಫೋನು ಕೈಗಿಟ್ಟಳು.

"ಅಜ್ಜಿ, ಇದು ಅಂಗಡಿ ಇದ್ದಂಗೆ. ಬಾಗ್ಲು ತೆಗೆದಿವ್ನಿ. ಒಳಕ್ಕೆ ಬಂದೋರು ಎಲ್ಲಿ ಎಡವ್ತಾರೆ ಅಂತ ನಂಗೆ ಕಾಣಲ್ಲ. ನೀನು ನಾಲ್ಕು ಮನೆಗೆ ತಕ್ಕೊಂಡೋಗಿ ನೋಡ್ಕಂಡು ಬಾ."

ಇದೇ ನನಗೆ ಸಿಕ್ಕ ಕೆಲಸ. ಅವಳು ಹೇಳಿದ ಕಟ್ಟುಪಾಡು ಮೂರೇ. ಇದು ಮೊಮ್ಮಗಳದು ಎಂದು ಹೇಳಕೂಡದು, ಹೇಳಿದರೆ ಎಲ್ಲರೂ ಚೆಂದ ಅಂದುಬಿಡುತ್ತಾರೆ. ಅವರು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬಾಯಿ ಬಿಡಕೂಡದು, ಫೋನು ಕಿತ್ತುಕೊಂಡು ತೋರಿಸಲೂ ಕೂಡದು. ಅವರ ಬೆರಳು ಎಲ್ಲಿ ನಿಂತಿತು, ಎಲ್ಲಿ ಅಲೆಯಿತು ಎಂದು ಗುರುತು ಹಾಕಿಕೊಳ್ಳಬೇಕು. ಸುಮ್ಮನಿದ್ದು ನೋಡುವುದು ನನಗೆ ಹೊಸದಲ್ಲ. ಹುಳುವಿಗೆ ತಿನ್ನು ಎಂದು ಹೇಳಿಕೊಡಲಾಗುವುದಿಲ್ಲ. ಅದು ಸೊಪ್ಪು ಬಿಟ್ಟು ತಲೆ ಎತ್ತಿಕೊಂಡಿದ್ದರೆ ತಪ್ಪು ಸೊಪ್ಪಿನಲ್ಲಿದೆಯೋ ಗಾಳಿಯಲ್ಲಿದೆಯೋ ಎಂದು ನಾವೇ ಕಂಡುಕೊಳ್ಳಬೇಕು.

ಮಗನಿಗೆ ಈ ವೆಬ್‌ಸೈಟು ಮೊದಲಿನಿಂದಲೂ ಹಿಡಿಸಿರಲಿಲ್ಲ. ಅವನು ಕೆಟ್ಟವನಲ್ಲ, ಅಂಜುವವನು. ನಮ್ಮ ಕಡೆ ಒಂದು ಹೆಣ್ಣು ಕ್ಯಾಮೆರಾ ಹಿಡಿದು ನಡುಮನೆಯವರೆಗೆ ಹೋಗಬೇಕಾದರೆ ಆ ಮನೆಯವರಿಗೆ ಅವಳ ಮೇಲೆ ನಂಬಿಕೆ ಇರಬೇಕು. ಒಂದು ದೊಡ್ಡ ಮನೆ ಬೇಡ ಅಂದರೆ ಸುತ್ತ ಹತ್ತು ಊರಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಮಗಳಿಗೆ ಒಂದೇ ಮಾತು ಹೇಳಿಟ್ಟಿದ್ದ: "ನಮ್ಮನೆ ಜನದ ಮೊಕ ಊರಿಗೆಲ್ಲ ಯಾಕೆ ತೋರುಸ್ತಿದ್ದೀಯೆ ಅಂತ ಯಾರಾದ್ರೂ ಒಬ್ರು ಕೇಳಿದ ದಿವ್ಸ ಇದನ್ನ ಮುಚ್ಬುಡಬೇಕು. ಕ್ಯಾಮೆರಾನೂ ಮಾರ್ಬುಡಬೇಕು." ಅವಳು ಹೂಂ ಅಂದಿದ್ದಳು.

ನಾನು ಒಂದು ಕಾಪಿ ಪುಸ್ತಕ ತೆಗೆದುಕೊಂಡೆ. ಮನೆಗೊಂದು ಹಾಳೆ. ಹಾಳೆಯಲ್ಲಿ ಫೋನಿನ ಹಾಗೆ ಒಂದು ಚೌಕ. ಬೆರಳು ಇಷ್ಟಪಟ್ಟು ನಿಂತ ಜಾಗಕ್ಕೆ ಬೊಟ್ಟು, ತಡವರಿಸಿದ ಜಾಗಕ್ಕೆ ಅಡ್ಡಗೆರೆ, ಸಾಕೆಂದು ಫೋನು ವಾಪಸು ಕೊಟ್ಟರೆ ಸೊನ್ನೆ. ಬರವಣಿಗೆ ಕಡಿಮೆ, ನನಗೆ ಅದೇ ಸಲೀಸು.

ಮೊದಲು ಹೋದದ್ದು ಹೊಂಗನೂರಿನ ನನ್ನ ಗೆಳತಿಯ ಮನೆಗೆ. "ಯಾರೋ ಸೈಟು ಮಾಡವ್ರೆ, ಒಸಿ ನೋಡಿ ಹೇಳು" ಅಂದೆ. ಅವಳು ಫೋನು ಮುಟ್ಟುವ ಮುಂಚೆಯೇ ಕೇಳಿದಳು, "ಎಲ್ಲಿ, ಬಿಡದಿ ಕಡೆನಾ? ಮೂವತ್ತು ನಲವತ್ತಾ?" ಜಾಗದ ಸೈಟಲ್ಲ, ಫೋಟೊದ್ದು ಎಂದು ತಿಳಿಸುವಷ್ಟರಲ್ಲಿ ಕಾಫಿ ಆರಿತ್ತು. ಆಮೇಲೆ ಅವಳು ಬೆರಳಿಟ್ಟಳು. ಸೈಟು ಅಲ್ಲಾಡಲಿಲ್ಲ. ಸೊಪ್ಪು ಕತ್ತರಿಸಿ ಕತ್ತರಿಸಿ ನಮ್ಮ ಬೆರಳಿನ ತುದಿ ಒಣಗಿದ ತೊಗಟೆಯಂತಾಗಿರುತ್ತದೆ, ಗಾಜಿಗೆ ಅದು ಬೆರಳೆಂದೇ ಗೊತ್ತಾಗುವುದಿಲ್ಲ. ಸೆರಗಿಗೆ ಒರೆಸಿ, ಉಗುಳು ಹಚ್ಚಿ, ಮೂರನೇ ಸಲ ಒತ್ತಿದಾಗ ತೆರೆಯಿತು. ನಾನು ತುಟಿ ಕಚ್ಚಿಕೊಂಡು ಅಡ್ಡಗೆರೆ ಎಳೆದೆ. ಮೊಮ್ಮಗಳು ಅಂದೇ ಒತ್ತುವ ಜಾಗಗಳನ್ನೆಲ್ಲ ದೊಡ್ಡದು ಮಾಡಿದಳು.

ಚನ್ನಪಟ್ಟಣದ ಬಳೆ ಅಂಗಡಿಯಾಕೆ ಮೇಲಿನ ಮೂಲೆಯ ಮೂರು ಗೀಟನ್ನು ಗಾಜಿನ ಮೇಲಿನ ಕೊಳೆ ಎಂದುಕೊಂಡು ಉಜ್ಜಿದಳು. ಉಜ್ಜಿದ್ದಕ್ಕೆ ಅದು ತೆರೆದುಕೊಂಡಿತು, ಅವಳು ಹೆದರಿ ಫೋನು ಗಲ್ಲಾದ ಮೇಲಿಟ್ಟಳು. 'ಸಂಪರ್ಕಿಸಿ' ಎಂದು ಬರೆದಿದ್ದ ಜಾಗ ನೋಡಿ "ಯಾರ್ನ?" ಅಂದಳು. ಅದು 'ಫೋನ್ ಮಾಡಿ' ಎಂದಾಯಿತು. ಮಾಗಡಿಯಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಫೋಟೊಗಳು ತೆರೆಯುವುದೇ ನಿಧಾನ. ಬಿಳಿ ಬಿಳಿ ಚೌಕ ನೋಡಿ ಮುಗಿಯಿತೇನೋ ಎಂದು ಅಕ್ಕ ವಾಪಸು ಕೊಟ್ಟಳು. ಒಂದು ಸೊನ್ನೆ. ಅಕ್ಕನ ಸೊಸೆ ಕೈಗೆ ತೆಗೆದುಕೊಂಡು, ತೆರೆಯುವವರೆಗೂ ಕಾದು, ಮದುವೆಯ ಗುಂಪಿನಲ್ಲಿ ತನ್ನನ್ನೇ ಕಂಡುಹಿಡಿದಳು. ಇದು ನಿಮ್ಮ ಮೊಮ್ಮಗಳು ಬಂದಿದ್ದ ಮದುವೆಯಲ್ಲವೇ ಎಂದಳು. ಗುಟ್ಟು ಅಲ್ಲಿಗೆ ಒಡೆಯಿತು.

"ಚಿಕ್ಕತ್ತೆ, ಈ ಫೋಟೊ ತೆಗೆಸ್ಬುಡಿ. ಸೆರಗೇ ಸರಿಗಿಲ್ಲ, ನಮ್ಮತ್ತೆ ತಮ್ಮಂದಿರು ನೋಡುದ್ರೆ ಏನಂದ್ಕಂಡಾರು."

ಮೊಮ್ಮಗಳು ಫೋನಿನಲ್ಲೇ ಕೇಳಿಸಿಕೊಂಡು ಆ ಫೋಟೊ ತೆಗೆದು ಹಾಕಿದಳು. ಆ 'ತೆಗೆಸಿಬಿಡಿ' ನನ್ನ ಕಿವಿಯಲ್ಲಿ ಉಳಿದುಕೊಂಡಿತು. ಮುಂದೆ ನಮ್ಮ ದಾರಿ ತಪ್ಪಿಸಿದ್ದು ಅದೇ.

ಈಗ ಇನ್ನೊಂದು ಫೋಟೊದ ವಿಷಯ ಹೇಳಬೇಕು. ಸೈಟು ತೆರೆದ ಕೂಡಲೇ ಮೊದಲು ಕಾಣುವುದು ಒಬ್ಬ ಮುದುಕರು. ಕುರಿಯನ್ನು ತೊಡೆಗೆ ಒರಗಿಸಿಕೊಂಡು ತುಪ್ಪಟ ಕತ್ತರಿಸುತ್ತಿದ್ದಾರೆ. ತಲೆಯ ರುಮಾಲು ಜಾರಿ ಹೆಗಲಿಗೆ ಬಿದ್ದಿದೆ, ಬೋಳು ತಲೆ ಬಿಸಿಲಿಗೆ ಹೊಳೆಯುತ್ತಿದೆ, ಬಾಯಲ್ಲಿ ಒಂದು ಹಲ್ಲಿಲ್ಲ, ಏನಕ್ಕೋ ಕಣ್ಣು ಮುಚ್ಚಿ ನಗುತ್ತಿದ್ದಾರೆ. ಯಾರ ಕೈಗೆ ಫೋನು ಕೊಟ್ಟರೂ ಬೆರಳು ಅಲ್ಲಿ ನಿಲ್ಲುತ್ತಿತ್ತು. ನನ್ನ ಪುಸ್ತಕದ ಎಲ್ಲ ಹಾಳೆಯಲ್ಲೂ ಅಲ್ಲೊಂದು ಬೊಟ್ಟು.

ಅವರು ಸಾತನೂರು ಕಡೆಯ ಒಂದು ದೊಡ್ಡ ಮನೆಯ ಯಜಮಾನರು. ಸ್ಟುಡಿಯೊದಲ್ಲಿದ್ದಾಗ ಮೊಮ್ಮಗಳು ಅವರ ಮನೆಯ ನಾಮಕರಣಕ್ಕೆ ಲೈಟು ಹಿಡಿಯಲು ಹೋಗಿದ್ದಳು. ಬಿಡುವಿನಲ್ಲಿ ಹಿತ್ತಿಲ ಗೋಡೆಯ ಮರೆಯಿಂದ, ಅವರಿಗೆ ಗೊತ್ತಿಲ್ಲದಂತೆ, ತನ್ನ ಕ್ಯಾಮೆರಾದಲ್ಲಿ ಇದನ್ನು ತೆಗೆದಿದ್ದಳು. ಕೇಳಿರಲಿಲ್ಲ. ಕೇಳದೆ ಯಾರ ಮುಖವನ್ನೂ ಎಲ್ಲೂ ಹಾಕಬಾರದು ಎಂದು ಸ್ಟುಡಿಯೊದವರೇ ಅವಳಿಗೆ ಕಲಿಸಿದ್ದರಂತೆ.

ನಾನು ಮೊದಲ ದಿನವೇ ಕಂಡಿದ್ದೆ. ನಮ್ಮ ಕಡೆ ಅಂಥ ಯಜಮಾನರು ಹೊರಗಿನವರ ಎದುರು ಬರಿ ತಲೆಯಲ್ಲಿ ನಿಲ್ಲುವುದಿಲ್ಲ. ರುಮಾಲು ಜಾರಿದ ತಲೆ ಮನೆಯವರ ಕಣ್ಣಿಗೆ ಮಾತ್ರ. ಇದು ಸರಿಯಲ್ಲ ಕೂಸೇ ಎಂದು ಹೇಳಬೇಕಾದವಳು ನಾನು. ತಪ್ಪು ಹುಡುಕುವುದೇ ನನ್ನ ಕೆಲಸವಾಗಿತ್ತು. ಆದರೆ ಎಲ್ಲರ ಬೆರಳೂ ಅಲ್ಲೇ ನಿಲ್ಲುವುದನ್ನು ನೋಡಿ ಹಿಗ್ಗಿ ಬಾಯಿ ಮುಚ್ಚಿಕೊಂಡೆ. ಅಷ್ಟೇ ಅಲ್ಲ, ಸಾತನೂರಿನಲ್ಲಿರುವ ನಮ್ಮ ತಂಗಿಯ ಮಗಳ ಮನೆಗೂ ಫೋನು ತೆಗೆದುಕೊಂಡು ಹೋದೆ. ಅವಳು ಚೆನ್ನಾಗಿದೆ ಎಂದು ತನಗೆ ಗೊತ್ತಿದ್ದವರಿಗೆಲ್ಲ ಕಳಿಸಿದಳು. ಆಗಲೂ ನನಗೆ ಹೊಳೆಯಲಿಲ್ಲ.

ಅದಾಗಿ ಎಂಟು ದಿನಕ್ಕೆ, ಬೆಳಗಿನ ಸೊಪ್ಪು ಹಾಕುವ ಹೊತ್ತಿನಲ್ಲಿ, ಸೊಪ್ಪಿನ ಕೋಣೆಯಿಂದ ಮೊಮ್ಮಗಳು "ಅಜ್ಜಿ" ಎಂದು ಕೂಗಿದಳು. ಆ ಕೂಗಿಗೇ ನನ್ನ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. ಸೈಟಿನ ಕೊನೆಯಲ್ಲಿ 'ನಿಮ್ಮ ಅನಿಸಿಕೆ ತಿಳಿಸಿ' ಎಂದು ಒಂದು ಡಬ್ಬಿ ಇಟ್ಟಿದ್ದಳು. ಅಲ್ಲಿಯವರೆಗೆ ಅದರಲ್ಲಿ ಯಾರೂ ಏನೂ ಹಾಕಿರಲಿಲ್ಲ. ಅಂದು ಬಂದಿದ್ದನ್ನು ಅವಳು ಓದಿದಳು. ಚುಕ್ಕೆ ಇಲ್ಲ, ಗೆರೆ ಇಲ್ಲ, ಒಂದೇ ಉಸಿರಿನ ಮಾತು:

"ನಮ್ಮ ತಾತನ ಫೋಟೊ ತೆಗೀಬೇಕು ಬೇಗ ಮನೆಯೋರೆಲ್ಲ ಸೇರಿದೀವಿ ಈ ಫೋಟೊ ತೆಗೆದೋರು ಯಾರೋ ಅವರೇ ಬರಬೇಕು ಬೇರೆಯೋರು ಬಂದರೆ ಆಗಲ್ಲ"

ಕೆಳಗೆ ಆ ಊರಿನ ಹೆಸರು. ಅದರ ಕೆಳಗೆ ಫೋನ್ ನಂಬರು.

ಅವಳು ಎರಡನೇ ಸಲ ಓದಲಿಲ್ಲ. ನನಗೂ ಬೇಕಾಗಿರಲಿಲ್ಲ. ಮನೆಯವರೆಲ್ಲ ಸೇರಿದ್ದಾರೆ ಎಂದರೆ ಪಂಚಾಯಿತಿಗೆ ಸೇರಿದ್ದಾರೆ ಎಂದೇ ನನ್ನ ತಲೆಗೆ ಹೋಯಿತು. ಬೇರೆಯವರು ಬಂದರೆ ಆಗಲ್ಲ ಎಂದರೆ ತಪ್ಪು ಮಾಡಿದವಳೇ ಬಂದು ಎದುರು ನಿಲ್ಲಬೇಕು ಎಂದು. ಮೊಮ್ಮಗಳು ಆ ನಂಬರಿಗೆ ಒತ್ತಿದಳು, ಹೋಗಲಿಲ್ಲ. ಎಣಿಸಿ ನೋಡಿದರೆ ಒಂಬತ್ತೇ ಅಂಕಿ. ಒಂದು ಅಂಕಿ ಬಿಟ್ಟುಹೋಗಿದ್ದರೂ ಅವಳ ಡಬ್ಬಿ ಸುಮ್ಮನೆ ನುಂಗಿಕೊಂಡಿತ್ತು. ನಾನು ಸುತ್ತಿದ ಯಾವ ಮನೆಯಲ್ಲೂ ಈ ತಪ್ಪು ಕಂಡಿರಲಿಲ್ಲ, ಏಕೆಂದರೆ ಯಾರೂ ಆ ಡಬ್ಬಿಯವರೆಗೆ ಬಂದೇ ಇರಲಿಲ್ಲ.

ಅರ್ಧ ಗಂಟೆಯೊಳಗೆ ಅವಳು ಯಜಮಾನರ ಫೋಟೊ ತೆಗೆದು ಹಾಕಿದಳು. ಅದಿಲ್ಲದ ಸೈಟು ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಮಗನಿಗೆ ಹೇಳದೆ ಇರಲಾಗಲಿಲ್ಲ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಹೇಳಿದ್ದೆ" ಅಂದಷ್ಟೇ ಅಂದು ತೋಟಕ್ಕೆ ಹೋದ. ಸೊಸೆ ಮಗಳ ಕಡೆ ನೋಡುವುದನ್ನೇ ಬಿಟ್ಟಳು.

ಆ ದಿನ ಮತ್ತು ಮಾರನೆಯ ದಿನ ರಸ್ತೆಯಲ್ಲಿ ಯಾವ ಬೈಕು ನಿಧಾನವಾದರೂ ಬಾಗಿಲಿಗೆ ಬಂದು ಇಣುಕುತ್ತಿದ್ದೆ. ಅಷ್ಟು ಜನ ಒಟ್ಟಿಗೆ ಬಂದು ಅಂಗಳದಲ್ಲಿ ನಿಂತರೆ ಏನು ಹೇಳುವುದು? ಹುಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯಂತೆ, ನನಗೆ ಅದಕ್ಕಿಂತ ಸಮಾಧಾನದ ಸದ್ದು ಬೇರೆಯಿಲ್ಲ. ಆ ಎರಡು ದಿನ ಅದು ಯಾರೋ ಹೊರಗೆ ಪಿಸುಗುಟ್ಟಿದ ಹಾಗೆ ಕೇಳಿಸಿತು. ಮೊಮ್ಮಗಳು ಊಟ ಬಿಟ್ಟಳು. ಕ್ಯಾಮೆರಾವನ್ನು ಚೀಲದಲ್ಲಿ ಹಾಕಿ ಜಿಪ್ಪು ಎಳೆದು ಅಟ್ಟದ ಮೇಲಿಟ್ಟಳು. ಕೊಳ್ಳುವವರು ಬಂದರೆ ಕೊಟ್ಟುಬಿಡು ಎಂದು ಅಪ್ಪನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. ಅವಳು ಅಳುತ್ತಾ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಸೊಪ್ಪು ಮುಗಿದಿದೆ ಅಂದ ಹಾಗೆ ಹೇಳಿದಳು.

ಮೂರನೆಯ ದಿನ ಸಂಜೆಗೆ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತವು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಹಳೆಯ ಚರ್ಮ ಕಳಚುವ ಮುಂಚೆ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂತುಬಿಡುತ್ತದೆ. ಒಂದು ದಿನದ ಮೇಲಾಗುತ್ತದೆ. ಆಗ ಸೊಪ್ಪು ಹಾಕುವುದಿಲ್ಲ, ಹುಳುವಿನ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ ಒಣಗಲು ಬಿಡುತ್ತೇವೆ, ಅಷ್ಟೇ. ಪುಡಿ ಉದುರಿಸುತ್ತಾ ಆ ಸಾವಿರಾರು ಎತ್ತಿದ ತಲೆಗಳನ್ನು ನೋಡಿದೆ. ಹೀಗೇ ನಾವೂ ಮೂರು ದಿನದಿಂದ ಕೂತಿದ್ದೇವೆ ಅನ್ನಿಸಿತು. ಹುಳು ಕಳಚಿಕೊಂಡು ಏಳುತ್ತದೆ. ನಾವು ಸುಮ್ಮನೆ ಕೂತರೆ ಏಳುವುದಿಲ್ಲ.

ಮೊಮ್ಮಗಳನ್ನು ಕರೆದು ಹೇಳಿದೆ, "ನಾಳೆ ಇಡೀ ದಿವ್ಸ ಹುಳ ನಮ್ಮನ್ನ ಕೇಳಲ್ಲ. ಆ ಮನೆಗೆ ಓಗಿ ಬಂದ್ಬುಡನ. ಬೈದ್ರೆ ಬೈಸ್ಕಳನ."

"ಅಜ್ಜಿ, ತೆಗೆದಾಯ್ತಲ್ಲ. ಇನ್ನು ಸುಮ್ಕಿದ್ಬುಡನ."

"ಸುಮ್ಕಿದ್ರೆ ಅವ್ರು ಕದ್ದೋಳು ಅಂತಾರೆ. ಎದುರಿಗೆ ಹೋದ್ರೆ ತಪ್ಪು ಮಾಡ್ದೋಳು ಅಂತಾರೆ. ಎರಡೂ ಒಂದೇ ಅಲ್ಲ ಕಣ್ ಮಗಾ. ಕ್ಯಾಮೆರಾನೂ ತಕ್ಕೋ. ಅದರೊಳಗೂ ಐತೆ ಅಂದ್ಯಲ್ಲ, ಅವ್ರ ಕಣ್ಮುಂದೇನೇ ತೆಗೆದು ತೋರ್ಸು."

ಮಗ ತಾನೂ ಬರುತ್ತೇನೆ ಎಂದ. ಬೇಡ ಅಂದೆ. ಗಂಡಸು ಹೋದರೆ ಮಾತಿಗೆ ಮಾತು ಬೆಳೆಯುತ್ತದೆ.

ಬೆಳಿಗ್ಗೆ ಒಂದು ಚಿಪ್ಪು ಬಾಳೆಹಣ್ಣು, ಎಲೆ ಅಡಿಕೆ, ಒಂದು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ಚನ್ನಪಟ್ಟಣಕ್ಕೆ ಬಂದು ಸಾತನೂರು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಯಜಮಾನರೇ, ಕೂಸು ತಿಳಿಯದೆ ಮಾಡಿತು, ತಿಳಿದ ಮುದುಕಿ ಬಾಯಿ ಮುಚ್ಚಿಕೊಂಡಿದ್ದಳು, ಏನಿದ್ದರೂ ನನಗೆ ಹೇಳಿ. ಸಾತನೂರಿನಿಂದ ಆಟೊ ಹಿಡಿದು ಆ ಊರಿನಲ್ಲಿ ಇಳಿದಾಗ ನನ್ನ ಬಾಯಿಪಾಠ ಪೂರ್ತಿ ಮರೆತುಹೋಗಿತ್ತು. ಮನೆಯ ಮುಂದೆ ಚಪ್ಪಲಿಗಳು, ಗಂಡಸರವು, ಹೆಂಗಸರವು, ಮಕ್ಕಳವು, ಮೆಟ್ಟಿಲಿನಿಂದ ಅಂಗಳದವರೆಗೆ. ಸೇರಿದ್ದೇವೆ ಎಂದು ಬರೆದಿದ್ದು ಸುಳ್ಳಲ್ಲ. ಮೊಮ್ಮಗಳು ನನ್ನ ಸೆರಗಿನ ಚುಂಗು ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಸೂಜಿ ಹಾಕಿಸಲು ಕರೆದೊಯ್ದಾಗ ಹಾಗೆ ಹಿಡಿದಿದ್ದಳು, ಆಮೇಲೆ ಇದೇ.

ಮನೆಯ ಹಿರಿಯ ಮಗ ಜಗಲಿಯಲ್ಲಿ ಕೂತಿದ್ದರು. ಕ್ಯಾಮೆರಾ ಚೀಲ ನೋಡಿ ಎದ್ದು ನಿಂತರು.

"ಫೋಟೊ ತೆಗಿಯೋರು ನೀವೇನಾ?"

ನಾನು ಕೈ ಮುಗಿದೆ. "ತೆಗೆದುಬುಟ್ಟಿದೀವಿ ಕಣಪ್ಪ. ನೀವು ಏಳಿ ಕಳ್ಸಿದ ಬೆಳಗ್ಗೆನೇ ತೆಗೆದುಬುಟ್ಟವ್ಳೆ. ಅರ್ಧ ಗಂಟೆನೂ ತಡ ಮಾಡ್ಲಿಲ್ಲ."

ಅವರು ನನ್ನನ್ನೂ ಅವಳನ್ನೂ ನೋಡಿದರು. "ತೆಗೆದಾಯ್ತಾ? ನಾವ್ಯಾರೂ ನಿಂತೇ ಇಲ್ವಲ್ಲ, ಎಂಗೆ ತೆಗೆದ್ರಿ?"

"ನೀವು ನಿಂತ್ಕಂಡು ನೋಡ್ಬೇಕು ಅಂದ್ರೆ ಈಗ್ಲೇ ಕ್ಯಾಮೆರಾದಿಂದ್ಲೂ ತೆಗೆಸ್ತೀನಿ. ಅದಕ್ಕೇ ತಂದಿರೋದು."

"ಕ್ಯಾಮೆರಾದಿಂದ ತೆಗೀದೆ ಇನ್ಯಾತರಿಂದ ತೆಗೀತಾರವ್ವ?"

ಅವರ ದನಿಯಲ್ಲಿ ಕೋಪವಿರಲಿಲ್ಲ, ಈ ಮುದುಕಿಗೆ ಏನೋ ಆಗಿದೆ ಎನ್ನುವ ಅನುಮಾನವಿತ್ತು. ನನಗದು ಇನ್ನಷ್ಟು ಭಯ ಹುಟ್ಟಿಸಿತು. ದೊಡ್ಡ ಮನೆಯವರು ಮೊದಲು ಮೆತ್ತಗೇ ಮಾತಾಡುತ್ತಾರೆ. ಅಷ್ಟರಲ್ಲಿ ಒಳಗಿನಿಂದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. ಹಿತ್ತಿಲ ಕುರಿದೊಡ್ಡಿಯ ಕಡೆಯಿಂದ ಯಜಮಾನರು ಬಂದರು. ತಲೆಗೆ ರುಮಾಲು ಗಟ್ಟಿಯಾಗಿ ಸುತ್ತಿತ್ತು. ಅವರು ನೇರವಾಗಿ ಮೊಮ್ಮಗಳ ಎದುರು ನಿಂತರು.

"ನನ್ನ ಮೊಕ ತೆಗೆದಾಕ್ದೋಳು ನೀನೇ ಏನವ್ವ?"

ಅವಳು ನನ್ನ ಸೆರಗು ಬಿಟ್ಟು ಕೈ ಮುಗಿದು, "ತಪ್ಪಾಯ್ತು ತಾತ. ಕೇಳ್ದೆ ಮಾಡ್ಬುಟ್ಟೆ" ಅಂದಳು.

"ಯಾವುದು ತಪ್ಪಾಗಿದ್ದು? ಆಕಿದ್ದಾ, ತೆಗೆದಾಕಿದ್ದಾ?"

ಬಾಗಿಲಲ್ಲಿ ನಿಂತಿದ್ದ ಚಿಕ್ಕ ಸೊಸೆಯೊಬ್ಬಳು ಇದ್ದಕ್ಕಿದ್ದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು. ನಗುತ್ತಿದ್ದಾಳೆಂದು ನನಗೆ ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಆ ಮಾತನ್ನು ಕಳಿಸಿದವಳು ಅವಳೇ. ಬೆರಳಲ್ಲಿ ಒತ್ತಲು ಬೇಜಾರಾಗಿ ಫೋನಿಗೆ ಬಾಯಲ್ಲೇ ಹೇಳಿ ಬರೆಸಿದ್ದಳು.

"ಅಯ್ಯೋ ಅಜ್ಜಿ, ನಾನು ಏಳಿದ್ದು ಆ ತೆಗಿಯೋದಲ್ಲ ಕಣಜ್ಜಿ. ಫೋಟೊ ತೆಗಿಯೋದು, ಬಂದು ಹೊಸದಾಗಿ ತೆಗಿಯೋದು. ಅದಕ್ಕೇನಾ ನೀವು ಇರೋದನ್ನೇ ತೆಗೆದ್ಬುಟ್ಟಿದ್ದು?"

ನಾನು ಜಗಲಿಯ ಕಂಬ ಹಿಡಿದು ಅಲ್ಲೇ ಕುಳಿತೆ. ಯಾರೋ ನೀರು ತಂದುಕೊಟ್ಟರು. ನೀರು ಕುಡಿಯುತ್ತಾ ಆ ಸಾಲನ್ನು ಮನಸ್ಸಿನಲ್ಲೇ ಮತ್ತೆ ಓದಿಕೊಂಡೆ. ಒಂದು ಅಕ್ಷರವೂ ಬದಲಾಗಿರಲಿಲ್ಲ. ತಾತನ ಫೋಟೊ ತೆಗೆಯಬೇಕು. ಬೇಗ, ಏಕೆಂದರೆ ಮದುವೆಯಾಗಿ ಹೋದ ಮೂರು ಹೆಣ್ಣುಮಕ್ಕಳೂ ಹಬ್ಬಕ್ಕೆ ಬಂದಿದ್ದರು, ಇನ್ನೆರಡು ದಿನಕ್ಕೆ ಹೊರಡುವವರು. ತೆಗೆದವರೇ ಬರಬೇಕು, ಏಕೆಂದರೆ ತಾತ ಬೇರೆಯವರಿಗೆ ಕೂರುವುದಿಲ್ಲ. ತಪ್ಪು ಮಾಡಿದ ಕಿವಿಗೆ ಒಂದೇ ಅರ್ಥ ಕೇಳಿಸಿತ್ತು.

ಯಜಮಾನರು ನನ್ನ ಪಕ್ಕದಲ್ಲೇ ಕುಳಿತರು. ಇಷ್ಟು ವರ್ಷ ಯಾರು ಕ್ಯಾಮೆರಾ ಹಿಡಿದರೂ ಅವರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರಂತೆ, ಗೋಡೆಗೆ ಹತ್ತಲು ಇನ್ನೂ ಕಾಲ ಇದೆ ಎಂದು ತಮಾಷೆ ಮಾಡುತ್ತಿದ್ದರಂತೆ. ನಮ್ಮ ಸೈಟಿನ ಫೋಟೊವನ್ನು ಚಿಕ್ಕ ಸೊಸೆ ತೋರಿಸಿದಾಗ ಬಹಳ ಹೊತ್ತು ಫೋನು ವಾಪಸು ಕೊಡಲಿಲ್ಲವಂತೆ. ಮೂರು ದಿನದ ಹಿಂದೆ ಅದು ಕಾಣೆಯಾದ ಮೇಲೆ ಯಾರ ಜೊತೆಗೂ ಸರಿಯಾಗಿ ಮಾತಾಡಿರಲಿಲ್ಲವಂತೆ.

"ನಾನು ರುಮಾಲು ಜಾರಿರೋದಕ್ಕೆ ಕೋಪ ಬಂತೇನೋ ಅಂದ್ಕಂಡೆ ಅಣ್ಣ" ಎಂದೆ. ನನ್ನ ತಪ್ಪನ್ನು ಹೇಳಲೇಬೇಕಿತ್ತು.

"ಬಂತು ಕಣವ್ವ. ಮೊದ್ಲು ಬಂತು. ಯಾವೋನವ್ನು ಬೋಳುತಲೇಲಿ ಹಲ್ ಬುಟ್ಕಂಡು ಕುಂತಿರೋನು ಅಂದೆ. ಆಮೇಲೆ ನೋಡುದ್ರೆ ನಮ್ಮಪ್ಪ. ನಮ್ಮಪ್ಪಂದು ಒಂದು ಫೋಟೊನೂ ಇಲ್ಲ ಈ ಮನೇಲಿ. ಇಂಗೇ ನಗೋನು. ನನ್ನ ಮಕ್ಳು ಅವ್ನ ನೋಡೇ ಇಲ್ಲ." ಮೊಮ್ಮಗಳ ಕಡೆ ತಿರುಗಿದರು. "ಕೇಳ್ಬೇಕಿತ್ತು ನೀನು. ಕೇಳಿದ್ರೆ ಬೇಡ ಅಂತಿದ್ದೆ, ಅದು ಬೇರೆ ಮಾತು."

ಅವಳು ಕಣ್ಣೊರೆಸಿಕೊಂಡು ಚೀಲದ ಜಿಪ್ಪು ಎಳೆದಳು. ಫೋಟೊ ಅಳಿಸಲು ತಂದಿದ್ದ ಕ್ಯಾಮೆರಾ ಫೋಟೊ ಹಿಡಿಯಲು ಹೊರಬಂತು. ಬಿಸಿಲು ಏರಿತ್ತು. ಅಂಗಳದಲ್ಲಿ ನಿಲ್ಲಿಸಿದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ ಬೀಳುತ್ತದೆ ಎಂದು ಎಲ್ಲರನ್ನೂ ಜಗಲಿಯ ನೆರಳಿಗೆ ಸರಿಸಿದಳು. ಎದುರಿಗೆ ಎರಡು ಬಿಳಿ ಪಂಚೆ ಕಟ್ಟಿಸಿ ಅದರಿಂದ ಬೆಳಕು ಮುಖಕ್ಕೆ ಬೀಳುವಂತೆ ಮಾಡಿದಳು. ಅರ್ಧ ಬಿಸಿಲು ಅರ್ಧ ನೆರಳಿನಲ್ಲಿ ನಿಂತಿದ್ದ ಅಳಿಯನೊಬ್ಬರಿಗೆ "ಮಾವ, ಒಸಿ ಒಳಕ್ಕೆ ಬನ್ನಿ" ಎಂದಳು, ಅವರು ಮಾತಾಡದೆ ಬಂದರು.

ಮೊದಲು ಯಜಮಾನರು ರುಮಾಲು ಕಟ್ಟಿ, ಪೊಲೀಸ್ ಠಾಣೆಗೆ ಕರೆಸಿದವರಂತೆ ಬಿಗಿದುಕೊಂಡು ಕೂತರು. ಅದನ್ನು ಹಿಡಿದಳು. ಆಮೇಲೆ ಅಪ್ಪನ ಪಕ್ಕ ಕೂರುವುದು ಯಾರು ಎಂದು ಮೂರು ಹೆಣ್ಣುಮಕ್ಕಳಲ್ಲಿ ತಕರಾರು ಶುರುವಾಯಿತು. ಕಿರಿಯವಳು ನಾನು ದೂರದ ಊರಿಂದ ಬಂದವಳು ಎಂದಳು, ಹಿರಿಯವಳು ನಾನು ಮೊದಲು ಹುಟ್ಟಿದವಳು ಎಂದಳು. ಯಜಮಾನರು ಸೆಕೆಗೆ ರುಮಾಲು ಬಿಚ್ಚಿ ಗಾಳಿ ಬೀಸಿಕೊಳ್ಳುತ್ತಾ ಅವರಿಬ್ಬರನ್ನೂ ನೋಡಿ ನಕ್ಕರು. ಮೊಮ್ಮಗಳು ತಕರಾರು ಮುಗಿಯಲು ಕಾಯಲಿಲ್ಲ.

ಕ್ಯಾಮೆರಾ ತಿರುಗಿಸಿ ಎರಡನ್ನೂ ಅವರಿಗೆ ತೋರಿಸಿದಳು. ಯಾವುದನ್ನು ಸೈಟಿಗೆ ಹಾಕಲಿ, ಹಾಕಬಹುದೇ ಎಂದು ಈ ಸಲ ಕೇಳಿದಳು.

"ರುಮಾಲಿರೋದು ಗೋಡೆಗೆ" ಎಂದರು ಯಜಮಾನರು. "ಇಲ್ದಿರೋದು ನಿನ್ನ ಸೈಟಿಗೆ. ಹಳೇದನ್ನೂ ವಾಪಸ್ ಇಡು."

ಬಸ್ಸಿನಲ್ಲಿ ಪಕ್ಕ ಪಕ್ಕ ಕೂತಾಗ ನಾನು ಕಾಪಿ ಪುಸ್ತಕ ತೆಗೆದು, ರುಮಾಲಿನ ವಿಷಯ ಮೊದಲ ದಿನವೇ ಗೊತ್ತಿದ್ದೂ ಬರೆಯಲಿಲ್ಲ ಎಂದು ಅವಳಿಗೆ ಒಪ್ಪಿಕೊಂಡೆ. ಅವಳು ಪೆನ್ನು ಕೊಟ್ಟು ಈಗ ಬರಿ ಅಂದಳು. 'ಕೇಳಿ ಹಾಕಬೇಕು' ಎಂದು ಬರೆದೆ. ಬಸ್ಸು ಕುಲುಕಿ ಅಕ್ಷರ ಸೊಟ್ಟಗಾಯಿತು. ಅವಳು ಬಸ್ಸಿನಲ್ಲೇ ಸೈಟಿನಲ್ಲಿ ಎರಡು ಬದಲಾವಣೆ ಮಾಡಿದಳು. ಹತ್ತು ಅಂಕಿ ಇಲ್ಲದ ನಂಬರನ್ನು ಡಬ್ಬಿ ಇನ್ನು ನುಂಗುವುದಿಲ್ಲ. ಡಬ್ಬಿಯ ಮೇಲೆ ಎರಡು ಬೇರೆ ಸಾಲು: 'ನಮ್ಮ ಮನೆಗೆ ಬಂದು ಫೋಟೊ ಹಿಡಿಯಿರಿ', 'ಇಲ್ಲಿರುವ ಫೋಟೊ ಅಳಿಸಿ'. ತೆಗೆಯುವುದು ಎನ್ನುವ ಮಾತು ಈಗ ಅವಳ ಸೈಟಿನಲ್ಲಿ ಎಲ್ಲೂ ಇಲ್ಲ.

ಮಗ ಬಸ್ಸು ನಿಲ್ಲುವ ಜಾಗಕ್ಕೇ ಬಂದು ಕಾಯುತ್ತಿದ್ದ. ಎಷ್ಟು ಹೊತ್ತಿನಿಂದಲೋ. ನಾನು ಅಲ್ಲೇ ನಿಂತು ಎಲ್ಲ ಹೇಳಿದೆ. ಅವನು ಕೊನೆಯವರೆಗೂ ಕೇಳಿ, ಮಗಳ ಹೆಗಲಿನಿಂದ ಕ್ಯಾಮೆರಾ ಚೀಲ ಇಳಿಸಿ ತನ್ನ ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ. ಮನೆಗೆ ಹೋದ ಮೇಲೆ ಅದನ್ನು ಅಟ್ಟದ ಮೇಲಿಡಲಿಲ್ಲ.

ಹುಳು ಸಾಕುವ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವುದಿಲ್ಲ. ಒಬ್ಬರು ಉಣ್ಣುವಾಗ ಒಬ್ಬರು ಸೊಪ್ಪಿನ ಹತ್ತಿರ ಇರಬೇಕು. ಅಂದು ಸಂಜೆ ಹುಳುಗಳು ಇನ್ನೂ ಜ್ವರದಿಂದ ಎದ್ದಿರಲಿಲ್ಲ, ಬೆಳಿಗ್ಗೆಯವರೆಗೂ ಏಳುವಂತಿರಲಿಲ್ಲ. ದೀಪ ಹಚ್ಚಿದ ಮೇಲೆ ನಾಲ್ಕು ಜನವೂ ನಡುಮನೆಯಲ್ಲಿ ಕೂತೆವು. ಸೊಸೆ ಮುದ್ದೆ ಕಟ್ಟಿದ್ದಳು, ಹುರುಳಿಕಾಳಿನ ಸಾರು, ಜೊತೆಗೆ ಆ ಮನೆಯವರು ಕಟ್ಟಿಕೊಟ್ಟ ಒಬ್ಬಟ್ಟು. ಮಗ ಮಗಳಿಗೆ, "ತಟ್ಟೆ ತೆಗಿ ಕಣಮ್ಮಿ" ಅಂದ.

ಅವಳು ಎದ್ದು ನಿಂತು ಅಪ್ಪನನ್ನೇ ನೋಡಿದಳು. "ಯಾವ ತೆಗಿಯದಪ್ಪ? ಇಕ್ಕದಾ, ಎತ್ತದಾ?"

ನಾಲ್ಕು ದಿನದಿಂದ ಮುಖ ಬಿಗಿದುಕೊಂಡಿದ್ದ ಮಗ ನಕ್ಕ ನಗುವಿಗೆ ಸೊಸೆಯ ಕೈಯ ಸೌಟಿನಿಂದ ಸಾರು ಚೆಲ್ಲಿತು. ನನಗೆ ನಗುವೋ ಅಳುವೋ ತಿಳಿಯಲಿಲ್ಲ. ಮೂರು ದಿನ ಅನ್ನ ಬಿಟ್ಟಿದ್ದ ಕೂಸು ಎರಡು ಮುದ್ದೆ ಉಂಡಳು, ಮೂರನೆಯದಕ್ಕೆ ತಟ್ಟೆ ಚಾಚಿದಳು. ಆ ಊಟದ ಫೋಟೊ ಮಾತ್ರ ಯಾರೂ ತೆಗೆಯಲಿಲ್ಲ, ಎಲ್ಲರ ಕೈಯೂ ಎಂಜಲಾಗಿತ್ತು.